ಲಾಲಮ್ಮನ ಚೀಲದಲ್ಲಿ ಇದ್ದದ್ದು

ಲಾಲಮ್ಮ ಹುಟ್ಟಿದ್ದು ಸೇಡಂ ತಾಲ್ಲೂಕಿನ ಮುಧೋಳದಲ್ಲಿ. ಮದುವೆಯಾಗಿ ಬಂದದ್ದು ಚಿತ್ತಾಪುರ ತಾಲ್ಲೂಕಿನ ನಮ್ಮ ನೀಲಗಡ್ಡಿಗೆ. ಸನ್ನತಿಯಿಂದ ಭೀಮಾ ದಂಡೆ ಹಿಡಿದು ನಡೆದರೆ ಒಂದು ಗಂಟೆಯ ದಾರಿ. ಆದರೆ ಯಾರಾದರೂ ಊರು ಯಾವುದೆಂದು ಕೇಳಿದರೆ ಆಕೆ ಹೇಳುವುದು ಮಾತ್ರ, “ನಾ ಶಹಾಬಾದಿನಾಕಿ” ಎಂದು. ಮದುವೆಯಾದ ಮರುವರ್ಷ ಗಂಡ ಸೂರ್ಯಕಾಂತನ ಜೊತೆ ಶಹಾಬಾದಿನ ಕಲ್ಲುಗಣಿಗೆ ಹೋದವಳು ಹದಿನೆಂಟು ವರ್ಷ ಅಲ್ಲೇ ದುಡಿದಳು. ನೆಲಕ್ಕೆ ಹಾಸುವ ಪರಸಿ ಕಲ್ಲನ್ನು ಪದರು ಪದರಾಗಿ ಎಬ್ಬಿಸುವುದು ಗಂಡಸರ ಕೆಲಸ, ಅದನ್ನು ತಲೆಯ ಮೇಲೆ ಹೊತ್ತು ಲಾರಿಗೆ ತುಂಬುವುದು ಹೆಂಗಸರ ಕೆಲಸ. ಆಕೆಯ ತಲೆಯ ನಡುವೆ ಕೂದಲು ತೆಳ್ಳಗಾಗಿ ಒಂದು ಅಂಗೈಯಗಲದ ಜಾಗ ನುಣ್ಣಗಾಗಿದೆ. “ಇದು ನನ್ನ ಪಿಂಚಣಿ” ಎಂದು ಅದನ್ನು ಮುಟ್ಟಿ ತೋರಿಸಿ ನಗುತ್ತಾಳೆ.

ನಾನು ಕರುಣಾ. ನೀಲಗಡ್ಡಿಯ ಭೀಮನಗರದಲ್ಲಿ ಲಾಲಮ್ಮನ ಮನೆಯಿಂದ ಮೂರನೆಯದು ನಮ್ಮ ಮನೆ. ಈಗ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನನಗೆ ಲಾಲಮ್ಮ ಮೊದಲು ನೆನಪಾಗುವುದು ಮುಖದಿಂದಲ್ಲ, ಹೆಗಲಿನಿಂದ. ಎಡ ಹೆಗಲಲ್ಲಿ ಯಾವಾಗಲೂ ಒಂದು ಚೀಲ. ಸೂರ್ಯಕಾಂತ ಊರಿಗೆ ಮರಳುವ ಮುಂಚಿನ ಕೆಲವು ವರ್ಷ ಮಳಖೇಡದಲ್ಲಿ ಸಿಮೆಂಟ್ ಲೋಡಿಂಗ್ ಕೆಲಸ ಮಾಡುತ್ತಿದ್ದಾಗ ತಂದ ಖಾಲಿ ಚೀಲಗಳನ್ನು ತೊಳೆದು, ವಾಡಿ ಸ್ಟೇಷನ್ ಹತ್ತಿರ ಬಟ್ಟೆ ಹೊಲಿಯುವ ಇಮಾಮ್ಬೀಗೆ ಕೊಟ್ಟು ಹೊಲಿಸಿದ್ದು. ಇಮಾಮ್ಬೀ ಗಣಿಯ ಕಾಲದ ಗೆಳತಿ. ಆಕೆ ಹಳೆಯ ಪ್ಯಾಂಟಿನ ಜಿಪ್ಪು ಹಚ್ಚಿ ಒಳಗೆ ಮೂರು ಜೇಬು ಮಾಡಿಕೊಟ್ಟಿದ್ದಳು. ನೀರಿಗೂ ಹೆದರದು, ಭಾರಕ್ಕೂ ಹೆದರದು.

ಆ ಚೀಲದಲ್ಲಿ ಏನಿರುತ್ತಿತ್ತು ಎಂಬುದು ಚಿಕ್ಕಂದಿನಿಂದ ನನಗೆ ಕುತೂಹಲ. ಎಲೆ ಅಡಿಕೆಯ ಸಂಚಿ, ಬಾಚಣಿಕೆ, ಒಂದು ಗೊಂಚಲು ಪಿನ್ನು, ಸೂಜಿದಾರ, ಹರಿದರೆ ಹಾಕಿಕೊಳ್ಳಲು ಒಂದು ಜೋಡಿ ಚಪ್ಪಲಿ ಪಟ್ಟಿ, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡಿನ ಐದಾರು ಜೆರಾಕ್ಸು, ಮತ್ತು ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ. ಒಮ್ಮೆ ಬಾಚಣಿಕೆ ಯಾಕೆಂದು ಕೇಳಿದ್ದೆ.

“ಕಚೇರಿಗಿ ತಲಿ ಕೆದರ್ಕೊಂಡ್ ಹೋದ್ರ ‘ಯಾರೋ ಹುಚ್ಚಿ ಬಂದಾಳ’ ಅಂತಾರ. ತಲಿ ಬಾಚ್ಕೊಂಡ್ ಹೋದ್ರ ‘ಏನ್ ಬೇಕವ್ವ’ ಅಂತಾರ. ಅಷ್ಟ ಫರಕ್ ಅದ ನೋಡು” ಎಂದಿದ್ದಳು.

ಕಚೇರಿಗಳ ಓಡಾಟ ಆಕೆಗೆ ಹೊಸದಲ್ಲ. ಗಣಿಯಲ್ಲಿ ಹೆಂಗಸರಿಗೆ ಕುಡಿಯುವ ನೀರಿನ ಟಾಕಿ ಬೇಕೆಂದು ಹೋದವಳು, ಊರಿಗೆ ಮರಳಿದ ಮೇಲೆ ಯಾರದೋ ವಿಧವಾ ವೇತನ, ಯಾರದೋ ರೇಷನ್ ಕಾರ್ಡು ಎಂದು ಚಿತ್ತಾಪುರಕ್ಕೆ ಹೋಗುತ್ತಲೇ ಇದ್ದಳು. ಆದರೆ ನಮ್ಮ ಸುತ್ತಿನ ಊರುಗಳಿಗೆಲ್ಲ ಆಕೆಯ ಹೆಸರು ಗೊತ್ತಾದದ್ದು ೨೦೧೮ರ ಬೇಸಿಗೆಯಲ್ಲಿ, ಒಂದು ಬಸ್ ನಿಲ್ದಾಣದಿಂದ.

ನೀಲಗಡ್ಡಿಯ ಬಸ್ ನಿಲ್ದಾಣ ಮೇಲಿನ ಓಣಿಯ ಬಾಯಲ್ಲಿದೆ. ಮೂರು ಗೋಡೆ, ಮೇಲೆ ತಗಡು, ಒಳಗೆ ಉದ್ದಕ್ಕೂ ಪರಸಿ ಹಾಸಿದ ಕಟ್ಟೆ. ಸರಕಾರ ಕಟ್ಟಿಸಿದ್ದು, ಯಾರು ಬೇಕಾದರೂ ಕೂಡಬಹುದು. ಆದರೆ ಭೀಮನಗರದವರು ಕೂಡುತ್ತಿರಲಿಲ್ಲ. ಕೂಡಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ನನ್ನ ಅವ್ವ, ಅವ್ವನ ಅವ್ವ ಎಲ್ಲರೂ ಪಕ್ಕದ ಜಾಲಿಗಿಡದ ಹತ್ತಿರ ಬಿಸಿಲಲ್ಲಿ ನಿಂತೇ ಬಸ್ಸು ಕಾದವರು. ಒಮ್ಮೆ ಯಾರೋ ಬಸುರಿ ಹೆಣ್ಣುಮಗಳು ತಡೆಯಲಾರದೆ ಕುಳಿತಿದ್ದಕ್ಕೆ ಕಟ್ಟೆಗೆ ನೀರು ಸುರಿದು ತೊಳೆದಿದ್ದರಂತೆ. ಆ ಮಾತು ಕೇಳಿಯೇ ನಾವೆಲ್ಲ ಬೆಳೆದದ್ದು.

ಮೇ ತಿಂಗಳ ಒಂದು ಸೋಮವಾರ ಹತ್ತು ಗಂಟೆಗೆ ಲಾಲಮ್ಮ ಚಿತ್ತಾಪುರಕ್ಕೆ ಹೊರಟಿದ್ದಳು. ನಾನು ಜೊತೆಗಿದ್ದೆ, ಪಿಯುಸಿ ಮುಗಿದು ಜಾತಿ ಪ್ರಮಾಣಪತ್ರ ತರಬೇಕಿತ್ತು. ಬಸ್ಸು ತಡ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಹತ್ತುತ್ತಿತ್ತು. ಲಾಲಮ್ಮ ಎರಡು ಸಲ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನಡೆದುಹೋಗಿ ಕಟ್ಟೆಯ ನಡುವೆ ಕುಳಿತು, ಚೀಲವನ್ನು ಪಕ್ಕಕ್ಕಿಟ್ಟು, ಸಂಚಿ ತೆಗೆದು ಎಲೆಗೆ ಸುಣ್ಣ ಹಚ್ಚತೊಡಗಿದಳು.

ನಾನು ಜಾಲಿಗಿಡದ ಹತ್ತಿರವೇ ನಿಂತಿದ್ದೆ. ಕಟ್ಟೆಯ ಆ ತುದಿಯಲ್ಲಿದ್ದ ಇಬ್ಬರು ಎದ್ದು ಹೊರಗೆ ಹೋದರು. ಎದುರಿನ ಹೋಟೆಲಿನಿಂದ ಮಾಣಿಕಪ್ಪ ಬಂದರು. ಮೇಲಿನ ಓಣಿಯ ಹಿರಿಯರು ಅವರು. ಊರಿನಲ್ಲಿ ಅವರ ಮಾತೇ ಕೊನೆಯ ಮಾತು.

“ಏನ್ ಲಾಲಮ್ಮ, ಜಾಗಾ ಗೊತ್ತಾಗಲಿಲ್ಲೇನು?”

“ಗೊತ್ತದರಿ. ಬಸ್ ಸ್ಟ್ಯಾಂಡ್ ಅಲ್ಲೇನ್ರಿ ಇದು?”

“ಏಳು ಮ್ಯಾಲ.”

“ಬಸ್ ಬಂದ್ರ ಏಳ್ತೀನ್ರಿ. ಎಲ್ಲಾರೂ ಹಂಗೇ ಏಳ್ತಾರಲ್ರಿ.”

ಮಾಣಿಕಪ್ಪನ ದನಿ ಏರಿತು. ಹಿಂದಿನವರು ಹಾಕಿಕೊಟ್ಟ ರೀತಿ, ಊರಿನ ಮರ್ಯಾದೆ ಎಂದೆಲ್ಲ ಹೇಳಿದರು. ಲಾಲಮ್ಮ ಎಲೆ ಮಡಚಿ ಬಾಯಿಗೆ ಹಾಕಿಕೊಂಡು ಅಂಗೈಯಿಂದ ಕಟ್ಟೆ ತಟ್ಟಿದಳು.

“ಈ ಕಲ್ಲ್ ನೋಡ್ರಿ ಸಾವಕಾರ. ಇಂಥಾವು ಹದಿನೆಂಟ್ ವರ್ಷ ನನ್ ತಲಿ ಮ್ಯಾಲ ಕುಂತಾವ. ನಾ ಒಂದಿನ ಅದರ ಮ್ಯಾಲ ಕುಂತ್ರ ಏನಾತ್ರಿ?”

ಹೋಟೆಲಿನ ಒಳಗೆ ಯಾರೋ ಫಕ್ಕನೆ ನಕ್ಕರು. ಮಾಣಿಕಪ್ಪ ತಿರುಗಿ ನೋಡುವಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಹಾಜಿಮಲಂಗ್ ಬಾಗಿಲಲ್ಲಿ ನಿಂತು ಒಂದೇ ನೋಟಕ್ಕೆ ಎಲ್ಲ ಅರ್ಥಮಾಡಿಕೊಂಡ. “ಬರ್ರಿ ಲಾಲಮ್ಮ, ಮುಂದಿನ ಸೀಟ್ ಖಾಲಿ ಅದ, ಅಲ್ಲೂ ಕುಂದ್ರಿ” ಎಂದ.

ಸಂಜೆ ನಾವು ಮರಳುವಷ್ಟರಲ್ಲಿ ಊರಿನ ಗಿರಣಿಯಲ್ಲಿ ಭೀಮನಗರದ ಜೋಳ ಬೀಸುವುದು ನಿಂತಿತ್ತು. ಹೊಲದ ಕೆಲಸಕ್ಕೆ ಯಾರನ್ನೂ ಕರೆಯಬಾರದೆಂದು ಮಾತಾಗಿತ್ತು. ನಮ್ಮ ಓಣಿಯ ಕೆಲವರು ಲಾಲಮ್ಮನ ಮನೆಯ ಮುಂದೆ ಸೇರಿ, ಇದೆಲ್ಲ ಬೇಕಿತ್ತೇ ಎಂದು ಕೇಳಿದರು. ಆಕೆ ಅಂಗಳದಲ್ಲಿ ಕಾಲು ಚಾಚಿ ಕುಳಿತೇ ಕೇಳಿಸಿಕೊಂಡಳು.

“ನನಗ ಬಿಸಿಲ ಹತ್ತಿತ್ತು, ಕುಂತೆ. ನಾಳಿಗೂ ಬಿಸಿಲ ಇರ್ತದ, ನಾಳಿಗೂ ಕುಂದ್ರತೀನಿ. ಬರೋರ್ ಬರ್ರಿ. ಬರೋದಾದ್ರ ಒಂದೊಂದ್ ಚೀಲ ಹಿಡ್ಕೊಂಡ್ ಬರ್ರಿ. ಅಲ್ಲಿ ನಮಗ ಯಾರೂ ನೀರ್ ಕೊಡಂಗಿಲ್ಲ. ದಿನಾಪೂರಾ ಕುಂದ್ರೋ ತಯಾರಿ ಇರ್ಲಿ.”

ಮರುದಿನ ಹೋದವರು ನಾಲ್ವರು. ಲಾಲಮ್ಮ, ಆಶಾ ಕಾರ್ಯಕರ್ತೆ ಚಂದ್ರಕಲಾ, ಮುದುಕಿ ಮಾಳಮ್ಮ ಮತ್ತು ನನ್ನ ಅವ್ವ. ಅವ್ವ ಹೊರಡುತ್ತಾಳೆಂದು ನಾನು ಊಹಿಸಿರಲಿಲ್ಲ. ಆಕೆ ಯಾರ ಮುಂದೆಯೂ ತಲೆಯೆತ್ತಿ ಮಾತಾಡಿದವಳಲ್ಲ. ಚೀಲಕ್ಕೆ ನೀರಿನ ಬಾಟಲಿ, ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡ ಮೇಲೆ ಪೆಟ್ಟಿಗೆ ತೆರೆದು ನನ್ನ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ತೆಗೆದು ಸೀರೆಯ ಮಡಿಕೆಯಂತೆ ಜೋಪಾನವಾಗಿ ಇಟ್ಟುಕೊಂಡಳು.

“ಅದೆದಕ್ ಅವ್ವ?”

“ಯಾರರೆ ಸಾಹೇಬರು ಬಂದ್ ಕೇಳಿದ್ರ ತೋರಿಸ್ತೀನಿ. ನಮ್ಮನ್ಯಾಗೂ ಓದಿದವರು ಇದ್ದಾರಂತ.”

ಮಾಳಮ್ಮ ತಂದದ್ದು ಮೊಮ್ಮಗಳ ಗುಲಾಬಿ ಬಣ್ಣದ ಕೊಡೆ. ನೆರಳಿನಲ್ಲೇ ಕುಳಿತಿದ್ದರೂ ಅದನ್ನು ಬಿಚ್ಚಿಯೇ ಇಡುತ್ತಿದ್ದಳು, ದೂರದಿಂದ ಬರುವ ಬಸ್ಸಿನವರಿಗೆ ಕಾಣಲಿ ಎಂದು. ಚಂದ್ರಕಲಾಳ ಚೀಲದಲ್ಲಿ ಒಂದು ಸೀಟಿ ಇತ್ತು. ಯಾರಾದರೂ ಮೈಮೇಲೆ ಬಂದರೆ ಊದುವುದು, ಓಣಿಯವರೆಲ್ಲ ಓಡಿಬರುವುದು ಎಂದು ಗೊತ್ತುಮಾಡಿಕೊಂಡಿದ್ದರು. ಸಹಾಯವಾಣಿಯ ಸಂಖ್ಯೆಯನ್ನು ಆಕೆ ಬಾಲ್ ಪೆನ್ನಿನಿಂದ ನಾಲ್ವರ ಅಂಗೈಯಲ್ಲೂ ಬರೆದಿದ್ದಳು.

ಆ ದಿನ ಬೈಗುಳ ಕೇಳಿದವು. ಕಟ್ಟೆಗೆ ಯಾರೋ ಕೊಡ ನೀರು ಸುರಿದರು. ಮಾಳಮ್ಮ ಕೊಡೆ ಅಡ್ಡ ಹಿಡಿದು, “ಇನ್ನೊಂದ್ ಕೊಡ ಹಾಕ್ರಿ, ತಂಪಾಗ್ತದ” ಎಂದಳು. ಮೇ ತಿಂಗಳ ಕಾದ ಕಲ್ಲು, ಐದು ನಿಮಿಷದಲ್ಲಿ ಒಣಗಿತು. ಮತ್ತೆ ಯಾರೂ ಸುರಿಯಲಿಲ್ಲ.

ಮೂರನೆಯ ದಿನ ಹನ್ನೊಂದು ಜನರಾದರು. ಕೈ ಖಾಲಿ ಇಟ್ಟುಕೊಂಡು ಕೂಡುವುದು ಗಣಿಯಲ್ಲಿ ದುಡಿದವಳಿಗೆ ಆಗದ ಮಾತು. ಲಾಲಮ್ಮ ಮನೆಯಿಂದ ಹಳೆಯ ಸೀರೆಗಳ ಗಂಟು ತಂದು ಕೌದಿ ಹೊಲಿಯಲು ಶುರುಮಾಡಿದಳು. ಒಂದು ತುದಿ ಆಕೆಯ ತೊಡೆಯ ಮೇಲೆ, ಇನ್ನೊಂದು ತುದಿ ಅವ್ವನ ತೊಡೆಯ ಮೇಲೆ. ಬಟ್ಟೆಯ ತುಣುಕು ಹಚ್ಚುತ್ತ, ಹಾಡು ಹೇಳುತ್ತ, ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತ ದಿನ ಕಳೆಯಿತು. ಚಂದ್ರಕಲಾ ಸೀಟಿ ಊದಿದ್ದು ಇಡೀ ಸತ್ಯಾಗ್ರಹದಲ್ಲಿ ಒಂದೇ ಸಲ. ಓಣಿಯ ಮೂವತ್ತು ಜನ ಏದುಸಿರು ಬಿಡುತ್ತ ಓಡಿಬಂದು ನೋಡಿದರೆ, ಒಂದು ಆಡು ಕೌದಿಯ ಅಂಚು ಬಾಯಲ್ಲಿ ಹಿಡಿದು ಎಳೆಯುತ್ತಿತ್ತು.

ಇತ್ತ ಮನೆಯಲ್ಲಿ ಸೂರ್ಯಕಾಂತ ರೊಟ್ಟಿ ಬಡಿಯಲು ಕಲಿತ. ಊರಿನ ಗಿರಣಿ ನಮಗೆ ಬಂದ್ ಆಗಿದ್ದರಿಂದ ಸೈಕಲ್ಲಿನಲ್ಲಿ ಸನ್ನತಿ ದಾರಿಯ ಗಿರಣಿಗೆ ಹೋಗಿ ಓಣಿಯವರೆಲ್ಲರ ಜೋಳ ಬೀಸಿಕೊಂಡು ಬರುತ್ತಿದ್ದ. ಅವನ ಮೊದಲ ದಿನದ ರೊಟ್ಟಿ ನೋಡಿ ಲಾಲಮ್ಮ ಅದನ್ನು ಎಲ್ಲರಿಗೂ ಎತ್ತಿ ತೋರಿಸಿದಳು. “ನೋಡ್ರಿ, ಇದಕ ನಮ್ಮ ಭೀಮಾ ನದಿಗಿಂತ ಹೆಚ್ಚಿನ ತಿರುವ ಆವ.” ಆದರೆ ಪೂರ್ತಿ ತಿಂದಳು. ವಾರ ಮುಗಿಯುವಷ್ಟರಲ್ಲಿ ಅವನ ರೊಟ್ಟಿ ದುಂಡಗಾಗಿದ್ದವು.

ಆರನೆಯ ದಿನ ಮಾಣಿಕಪ್ಪನ ಸೊಸೆ ಅಂಬುಜಾ ವಾಡಿಯ ದವಾಖಾನೆಗೆ ಹೋಗಲು ಬಂದಳು. ಬೆನ್ನುನೋವಿನವಳು. ಕಟ್ಟೆ ತುಂಬಾ ನಮ್ಮವರೇ, ಆಕೆ ಜಾಲಿಗಿಡದ ಹತ್ತಿರ, ನಮ್ಮ ಅಜ್ಜಿಯರು ನಿಲ್ಲುತ್ತಿದ್ದಲ್ಲಿ, ಬಿಸಿಲಲ್ಲಿ ನಿಂತಳು. ಲಾಲಮ್ಮ ಅದನ್ನು ನೋಡಿ ಸೂಜಿ ನಿಲ್ಲಿಸಿದಳು.

“ಬರ್ರಿ ಅಂಬುಜವ್ವ, ಬಿಸಿಲಾಗ ಎದಕ್ ನಿಂತೀರಿ? ಏ ಮಾಳಮ್ಮ, ಸರಿ ಆಕಡಿ. ಕುಂದ್ರಿ, ಜಾಗಾ ಭಾಳ ಅದ.”

ಅಂಬುಜಾ ಹೋಟೆಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಬಂದು ಕುಳಿತಳು. ಕೌದಿಯ ಮೂಲೆಯಲ್ಲಿ ಹಚ್ಚಿದ್ದ ತ್ರಿಕೋನದ ಸಾಲನ್ನು ಮುಟ್ಟಿ ಆಕೆಯೇ ಕೇಳಿದಳು, “ಇದು ಹ್ಯಾಂಗ ಮಾಡ್ತೀರಿ? ನನಗ ಎಷ್ಟ್ ಸಲ ಮಾಡಿದ್ರೂ ಸೊಟ್ಟ ಆಗ್ತದ.” ಬಸ್ಸು ಬರುವವರೆಗೂ ಲಾಲಮ್ಮ ಆಕೆಗೆ ಬಟ್ಟೆ ಮಡಚುವುದನ್ನು ತೋರಿಸಿಕೊಟ್ಟಳು. ಮನೆಗೆ ಹೋದ ಮೇಲೆ ಆಕೆ ಏನು ಕೇಳಬೇಕಾಯಿತೋ ನಮಗೆ ಗೊತ್ತಿಲ್ಲ. ಎರಡು ದಿನದ ಮೇಲೆ ಒಂದು ಹಸಿರು ಸೀರೆಯ ತುಣುಕು ತಂದುಕೊಟ್ಟು, “ಇದನ್ನೂ ಹಚ್ಚ್ರಿ” ಎಂದು ಹೇಳಿ ಹೋದಳು.

ಹನ್ನೊಂದನೆಯ ದಿನ ತಾಲ್ಲೂಕಿನಿಂದ ಅಧಿಕಾರಿಗಳು ಬರುತ್ತಾರೆಂದು ಸುದ್ದಿ ಬಂತು. ಚಂದ್ರಕಲಾ ಮಾಡಿದ ಫೋನು, ನಾನು ಬರೆದ ಅರ್ಜಿ, ಹಾಜಿಮಲಂಗ್ ಪ್ರತಿ ಟ್ರಿಪ್ಪಿನಲ್ಲೂ ಬಸ್ಸಿನವರಿಗೆ ಹೇಳಿದ ಕಥೆ, ಎಲ್ಲ ಸೇರಿ ಅಲ್ಲಿಗೆ ಮುಟ್ಟಿತ್ತು. ಜೀಪು ದೂರದಲ್ಲಿ ಕಂಡದ್ದೇ ಲಾಲಮ್ಮ ಬಾಚಣಿಕೆ ತೆಗೆದಳು. ಒಬ್ಬೊಬ್ಬರನ್ನೇ ಮುಂದೆ ಕೂರಿಸಿಕೊಂಡು ಸರಸರ ತಲೆ ಬಾಚಿದಳು. ಪಿನ್ನಿನ ಗೊಂಚಲು ಕೈಯಿಂದ ಕೈಗೆ ಹೋಗಿ ಎಲ್ಲರ ಸೆರಗೂ ನೆಟ್ಟಗಾದವು. ಜೀಪು ನಿಂತಾಗ ಇಪ್ಪತ್ತಮೂರು ಹೆಂಗಸರು ಫೋಟೋಗೆ ಕುಳಿತವರ ಹಾಗೆ ಸಾಲಾಗಿ ಕುಳಿತಿದ್ದರು.

ಬಂದ ಅಧಿಕಾರಿಯೂ ಹೆಂಗಸೇ. ಮಾಣಿಕಪ್ಪ ಮತ್ತು ಊರಿನ ಹಿರಿಯರನ್ನು ಅಲ್ಲಿಗೇ ಕರೆಸಿ, ಕಾಯ್ದೆ ಏನು ಹೇಳುತ್ತದೆ, ಶಿಕ್ಷೆ ಏನು ಎಂಬುದನ್ನು ಬಿಡಿಸಿ ಹೇಳಿದರು. ಒಂದು ತಾಸು ವಾದವಾಯಿತು. ಕೊನೆಗೆ ಹಿರಿಯರು ಒಪ್ಪಿದರು. ಪಂಚಾಯಿತಿಯ ಗುಮಾಸ್ತ ಒಂದು ಕಾಗದ ಬರೆದ. ಓದಲು ನನಗೆ ಕೊಟ್ಟರು. ನಾನು ಜೋರಾಗಿ ಓದಿದೆ: “ಭೀಮನಗರದ ಮಹಿಳೆಯರಿಗೆ ನಿಲ್ದಾಣದಲ್ಲಿ ಕುಳಿತುಕೊಳ್ಳಲು ಅನುಮತಿ ನೀಡಲಾಗಿದೆ.”

“ನಿಂದ್ರು” ಎಂದಳು ಲಾಲಮ್ಮ. “ಅನುಮತಿ ಅಂದ್ರೇನ್?”

“ಒಪ್ಪಿಗಿ ಕೊಟ್ಟೀವಿ ಅಂತ.”

“ಯಾರ್ ಕೊಟ್ಟಾರ? ಕೊಡಾಕ ಅದು ಅವರದೇನು? ಹೊಡದ್ ಹಾಕ್ ಅದನ್ನ.”

ಗುಮಾಸ್ತ, ಒಂದು ಶಬ್ದಕ್ಕಾಗಿ ಯಾಕೆ ತಂಟೆ ಎಂದ. ಲಾಲಮ್ಮ ಕೈಯಲ್ಲಿದ್ದ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, “ಶಬ್ದ ಸರಿ ಆಗತನ ನಾ ಏಳಂಗಿಲ್ರಿ. ಕೌದಿನೂ ಇನ್ನಾ ಮುಗದಿಲ್ಲ” ಎಂದಳು. ಅಧಿಕಾರಿ ನಗು ತಡೆದುಕೊಂಡು ಕಾಗದ ಇಸಿದುಕೊಂಡು ಆ ಸಾಲು ಹೊಡೆದುಹಾಕಿದರು. “ಬಸ್ ನಿಲ್ದಾಣ ಎಲ್ಲರದು. ಗಿರಣಿಯೂ ಎಲ್ಲರದು” ಎಂದು ತಾವೇ ಬರೆದು ರುಜು ಹಾಕಿದರು. ಲಾಲಮ್ಮ ಎರಡು ಸಲ ಓದಿಸಿಕೊಂಡಳು. ಆಮೇಲೆ ಎದ್ದಳು. ಅವ್ವ ಆ ಗದ್ದಲದಲ್ಲೇ ಅಧಿಕಾರಿಯ ಹತ್ತಿರ ಹೋಗಿ ಅಂಕಪಟ್ಟಿ ಬಿಚ್ಚಿ ತೋರಿಸಿದಳು. ಅವರು ಅದನ್ನು ಪೂರ್ತಿ ನೋಡಿ, “ಗಣಿತದಲ್ಲಿ ತೊಂಬತ್ತೊಂದು! ಭಾಳ ಛಲೋ” ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅವ್ವ ಆ ಮಾತನ್ನೇ ಹೇಳುತ್ತಿದ್ದಳು, ಬಸ್ ನಿಲ್ದಾಣದ್ದನ್ನಲ್ಲ.

ಮಾಣಿಕಪ್ಪ ಎರಡು ತಿಂಗಳು ಕಟ್ಟೆಯ ಮೇಲೆ ಕೂಡಲಿಲ್ಲ, ಹೊರಗೇ ನಿಂತರು. ಶ್ರಾವಣದಲ್ಲಿ ಒಂದು ದಿನ ಜೋರು ಮಳೆ ಬಂತು, ಒಳಗೆ ಬಂದರು, ಮೊಣಕಾಲು ಹಿಡಿದುಕೊಂಡು ಕುಳಿತರು. ಲಾಲಮ್ಮ ಸಂಚಿ ಮುಂದೆ ಹಿಡಿದಳು. ಎಲೆ ಬೇಡವೆಂದರು. ಸ್ವಲ್ಪ ಹೊತ್ತಾದ ಮೇಲೆ, ತಮ್ಮಲ್ಲಿ ಸುಣ್ಣ ತೀರಿದೆಯೆಂದು ಸುಣ್ಣ ಮಾತ್ರ ಇಸಿದುಕೊಂಡರು. ಅವರಿಬ್ಬರ ನಡುವೆ ಇವತ್ತಿಗೂ ಅಷ್ಟೇ ಬಳಕೆ. ಅದಕ್ಕಿಂತ ಹೆಚ್ಚೇನೂ ಆಗಿಲ್ಲ.

ನಾಲ್ಕೂವರೆ ವರ್ಷ ಕಳೆಯಿತು. ನಾನು ಗ್ರಂಥಾಲಯ ಸೇರಿದ ಮೇಲೆ, ಜನವರಿಯಲ್ಲಿ ಸಾವಿತ್ರಿಬಾಯಿ ಫುಲೆಯವರ ಜಯಂತಿಗೆ ಏನಾದರೂ ಮಾಡಬೇಕೆನ್ನಿಸಿತು. ಆ ಹನ್ನೊಂದು ದಿನ ಹೆಂಗಸರು ಹಿಡಿದುಕೊಂಡು ಹೋಗಿದ್ದ ಸಾಮಾನುಗಳನ್ನೇ ಮೇಜಿನ ಮೇಲಿಟ್ಟು ಮಕ್ಕಳಿಗೆ ತೋರಿಸೋಣ ಎಂದುಕೊಂಡೆ. ಕೊಡೆ, ಸೀಟಿ, ಅಂಕಪಟ್ಟಿ ಎಲ್ಲ ಸುಲಭವಾಗಿ ಸಿಕ್ಕವು. ಲಾಲಮ್ಮ ಮಾತ್ರ ಚೀಲ ಕೊಡಲು ಒಪ್ಪಲಿಲ್ಲ.

“ಚೀಲ ನಿನಗ ಕೊಟ್ಟು ನಾ ಏನ್ ಹಿಡ್ಕೊಂಡ್ ತಿರುಗಾಡ್ಲಿ? ಸತ್ತವರ ಸಾಮಾನ ಇಡ್ತಾರ ಮೇಜಿನ ಮ್ಯಾಲ. ನಾ ಇನ್ನಾ ಇದ್ದೀನಿ.”

ಕೊನೆಗೆ ಒಂದು ಒಪ್ಪಂದವಾಯಿತು. ಚೀಲದ ಜೊತೆ ಆಕೆಯೂ ಬಂದು ಮೇಜಿನ ಹಿಂದೆ ಕೂಡುವುದು. ಹತ್ತಕ್ಕೆ ಬಂದವಳು ಸಂಜೆಯವರೆಗೂ ಕುಳಿತಳು. ಮಕ್ಕಳು ಒಂದೊಂದೇ ವಸ್ತು ಎತ್ತಿ ಕೇಳುವುದು, ಆಕೆ ಹೇಳುವುದು. ಸೀಟಿ ಎಷ್ಟು ಸಲ ಊದಿಸಿಕೊಂಡಿತೋ ಲೆಕ್ಕವಿಲ್ಲ. ಚಪ್ಪಲಿ ಪಟ್ಟಿಯ ಮುಂದೆ ನಾನು ಒಂದು ಚೀಟಿ ಬರೆದಿಟ್ಟಿದ್ದೆ. ಮಧ್ಯಾಹ್ನ ನೋಡಿದರೆ ಚೀಟಿ ಇದೆ, ಪಟ್ಟಿ ಇಲ್ಲ. ಒಬ್ಬ ಹುಡುಗಿಯ ಚಪ್ಪಲಿ ಹರಿದಿತ್ತಂತೆ, ತೆಗೆದು ಹಾಕಿಕೊಟ್ಟುಬಿಟ್ಟಿದ್ದಳು.

ಆ ದಿನದ ಫೋಟೋಗಳು ಫೋನಿನಿಂದ ಫೋನಿಗೆ ಹೋಗಿ ಚಿಂಚೋಳಿ ಮುಟ್ಟಿದವು. ಮಾರ್ಚ್ ಎಂಟಕ್ಕೆ ಅಲ್ಲಿ ಹೆಣ್ಣುಮಕ್ಕಳ ಸಭೆ, ಲಾಲಮ್ಮ ಬಂದು ಭಾಷಣ ಮಾಡಬೇಕೆಂದು ಕರೆ ಬಂತು. ಸೇಡಂ ಮೇಲೆ ಬಸ್ಸಿನಲ್ಲಿ ಹೋದೆವು, ಆಕೆ, ನಾನು, ಅವ್ವ. ದಾರಿಯಲ್ಲೆಲ್ಲ ಲಾಲಮ್ಮ ತುಟಿ ಅಲ್ಲಾಡಿಸುತ್ತ ಭಾಷಣ ಕಲಿಯುತ್ತಿದ್ದಳು. ವೇದಿಕೆ ಹತ್ತಿ ಇನ್ನೂರು ಹೆಂಗಸರನ್ನು ನೋಡಿದ ಮೇಲೆ ಅದೆಲ್ಲ ಮರೆತುಹೋಯಿತು. ಜೀವಮಾನದಲ್ಲಿ ಆಕೆಗೆ ಮಾತು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಮೈಕು ಹಿಡಿದು, ಹೆಗಲ ಚೀಲವನ್ನು ಮುಂದಕ್ಕೆ ಎಳೆದುಕೊಂಡು ಹೇಳಿದಳು:

“ನನಗ ಭಾಷಣ ಬರಂಗಿಲ್ರೆವ್ವ. ನಿಮ್ ನಿಮ್ ಚೀಲ ತೆಗೀರಿ, ಒಳಗ ಏನದ ನೋಡಮು.”

ಮೊದಲು ನಾಚಿಕೆ, ಆಮೇಲೆ ಗದ್ದಲ. ಜಿಪ್ಪು ಎಳೆದ ಸದ್ದು, ಗಂಟು ಬಿಚ್ಚಿದ ಸದ್ದು. ಗುಳಿಗೆ, ಕನ್ನಡಕ, ಮಗುವಿನ ಲಂಗ, ಅರ್ಧ ತಿಂದ ಮಿರ್ಚಿ, ಮೂರು ವರ್ಷ ಹಳೆಯ ಲಗ್ನಪತ್ರಿಕೆ. ತೆಲುಗು ಬೆರೆಸಿ ಮಾತಾಡುತ್ತಿದ್ದ ಒಬ್ಬ ಮುದುಕಿಯ ಚೀಲದಿಂದ ಆರು ನಾಟಿ ಕೋಳಿಮೊಟ್ಟೆ ಬಂದವು. ಬಾಣಂತಿ ಮಗಳಿಗೆ ಒಯ್ಯುತ್ತಿದ್ದವು, ಸಭೆಯ ನೂಕಾಟದಲ್ಲೂ ಒಂದೂ ಒಡೆದಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿ ಪೂನಮ್ ಎಂಬ ಹುಡುಗಿ ಕುಳಿತಿದ್ದಳು. ಹತ್ತಿರದ ಪಟ್ಟಣವೊಂದರಲ್ಲಿ ಬೀದಿ ಗುಡಿಸುವ ಕೆಲಸ. ಆಕೆಯ ಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದು ಬಂತು. ಲಾಲಮ್ಮ ಕೆಳಗಿಳಿದು ಹೋಗಿ ಏನದು ಎಂದು ಕೇಳಿದಳು.

“ಅರ್ಜಿ ರೀ. ನಾವು ಹದಿನಾಲ್ಕ್ ಜನ ಹೆಣ್ಮಕ್ಳು ಕಸ ಹೊಡಿತೀವಿ. ಅರಿವಿ ಬದಲ್ ಮಾಡಾಕ ಒಂದ್ ಖೋಲಿ ಇಲ್ಲ. ಲಾರಿ ಹಿಂದ ನಿಂತ್ ಮಾಡ್ಕೋತೀವಿ. ಬರದ್ ನಾಲ್ಕ್ ತಿಂಗಳಾತು. ಕೊಡಾಕ ಅಂಜಿಕಿ.”

“ನಾಳಿಗಿ ಕಚೇರಿ ಎಷ್ಟಕ್ಕ ತೆಗೀತಾರ?” ಎಂದಳು ಲಾಲಮ್ಮ.

ನಾವು ಅಲ್ಲೇ ಉಳಿದೆವು. ಮರುದಿನ ಹತ್ತೂವರೆಗೆ ಪೂನಮ್ ಹಿಂದೆ ನಲವತ್ತು ಹೆಂಗಸರು ಆಕೆಯ ಪಟ್ಟಣದ ಪುರಸಭೆ ಕಚೇರಿಯ ಮೆಟ್ಟಿಲು ಹತ್ತಿದರು. ಮೊಟ್ಟೆಯ ಮುದುಕಿಯೂ ಇದ್ದಳು. ಒಳಗೆ ಹೋಗುವ ಮುಂಚೆ ಲಾಲಮ್ಮ ಪೂನಮ್‌ಳ ಕಿವಿಯಲ್ಲಿ ಏನೋ ಹೇಳಿದಳು, ಪೂನಮ್ ಪೆನ್ನು ಇಸಿದುಕೊಂಡು ಅರ್ಜಿಯ ಕೊನೆಗೆ ಒಂದು ಸಾಲು ಸೇರಿಸಿದಳು. ಸಾಹೇಬರು ಕಾಗದ ಓದಿ, ನೋಡೋಣ ಎಂದರು. ಲಾಲಮ್ಮ, “ನೋಡ್ರಿ, ಆದ್ರ ಮುಟ್ಟೇದಂತ ಶಿಕ್ಕಾ ಹೊಡದ್ ಕೊಡ್ರಿ” ಎಂದಳು. ಕಚೇರಿಯ ಮುದ್ರೆ ಬಿದ್ದ ಪ್ರತಿ ಹಿಡಿದು ಹೊರಬಂದ ಪೂನಮ್ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ನಲವತ್ತೂ ಜನ ಎದುರಿನ ಕಬ್ಬಿನ ಹಾಲಿನ ಗಾಡಿಗೆ ಮುತ್ತಿಗೆ ಹಾಕಿದೆವು. ಗಾಡಿಯವನ ಕಬ್ಬು ತೀರಿಹೋಯಿತು.

ಜೂನ್ ಎರಡನೆಯ ವಾರ ಲಾಲಮ್ಮ ನನ್ನ ಗ್ರಂಥಾಲಯದಲ್ಲಿ ಕುಳಿತು ಪೇಪರಿನ ಚಿತ್ರ ನೋಡುತ್ತಿದ್ದಳು. ನನ್ನ ಫೋನಿಗೆ ಪೂನಮ್ ಕರೆ ಮಾಡಿದಳು. ಬಟ್ಟೆ ಬದಲಿಸುವ ಖೋಲಿ ಆಯಿತಂತೆ. ಒಂದು ಕಿಟಕಿ, ಒಂದು ನಲ್ಲಿ, ಗೋಡೆಗೆ ಹದಿನಾಲ್ಕು ಗೂಟ. ಅರ್ಜಿಯ ಕೊನೆಗೆ ಸೇರಿಸಿದ ಸಾಲಿನ ಹಾಗೆ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳುವಂತೆ ಇಟ್ಟಿದ್ದಾರಂತೆ.

“ಕೇಳ್ರಿ ಯಕ್ಕಾ, ಈಗ ಹಾಕ್ತೀನಿ” ಎಂದಳು ಪೂನಮ್. ಫೋನಿನಲ್ಲಿ ಕಬ್ಬಿಣ ಸರಿದು ಟಕ್ ಎಂದಿತು. ಆ ಕಡೆ ಹತ್ತಾರು ದನಿಗಳು ಒಟ್ಟಿಗೆ ಕೇಕೆ ಹಾಕಿದವು.

ಲಾಲಮ್ಮ ನನ್ನ ಕೈಯಿಂದ ಫೋನು ಕಸಿದುಕೊಂಡು ಕಿವಿಗೊತ್ತಿ ಹಿಡಿದಳು.

“ಸರಿ ಕೇಳಿಸ್ಲಿಲ್ಲ ತಂಗಿ, ಇನ್ನೊಮ್ಮಿ ಹಾಕು” ಎಂದಳು.